ಕಟ್ ಮಾಡಿದಿರಿ, ಯಾರಿಗಾದರೂ ಹೇಳಿದಿರಾ?

ಆಮ್‌ಸ್ಟೆಲ್‌ವೇನ್‌ನ ಟ್ರಾಮಿನಲ್ಲಿ, ಐಂಡ್‌ಹೋವನ್‌ನ ಆಫೀಸಿನಲ್ಲಿ, ಆಲ್ಬರ್ಟ್ ಹೈನ್ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನಿಂತಾಗ ನಿಮ್ಮ ಫೋನು ಗುಂಯ್‌ಗುಡುತ್ತದೆ. ಗೊತ್ತಿಲ್ಲದ ನಂಬರು. ಎತ್ತಿದರೆ ಯಂತ್ರದ ದನಿಯೊಂದು, ಬಿಎಸ್‌ಎನ್ ಎಂಬ ನಿಮ್ಮ ಡಚ್ ಗುರುತಿನ ಸಂಖ್ಯೆ ಅಪರಾಧವೊಂದರಲ್ಲಿ ಸಿಕ್ಕಿಬಿದ್ದಿದೆ, ಕೂಡಲೇ ಒಂದನ್ನು ಒತ್ತಿ ಎನ್ನುತ್ತದೆ. ಇಲ್ಲವೇ, ನಿಮ್ಮ ಸಿವಿ ತಲುಪಿದೆ, ಕೆಲಸದ ಮಾತಿಗೆ ವಾಟ್ಸ್‌ಆ್ಯಪಿಗೆ ಬನ್ನಿ ಎಂದು ಕರೆಯುತ್ತದೆ. ನೀವು ನಕ್ಕು ಕಟ್ ಮಾಡುತ್ತೀರಿ, ನಂಬರು ಬ್ಲಾಕ್ ಮಾಡುತ್ತೀರಿ, ಮನೆ ಸೇರುವಷ್ಟರಲ್ಲಿ ಮರೆತೂ ಬಿಡುತ್ತೀರಿ. ನಿಮ್ಮನ್ನು ದೂರಲು ಬಂದವನಲ್ಲ ನಾನು. ನಿಮಗೆ ಗೊತ್ತಿತ್ತು, ಪಾರಾದಿರಿ, ಒಳ್ಳೆಯದೇ ಆಯಿತು. ಆದರೆ ಯಾರಿಗಾದರೂ ಹೇಳಿದಿರಾ?

ಏಕೆಂದರೆ ನೀವು ಕಟ್ ಮಾಡಿದ ಕರೆ ಅಲ್ಲಿಗೇ ಸಾಯುವುದಿಲ್ಲ. ಅದು ಮುಂದಿನ ನಂಬರಿಗೆ ಹೋಗುತ್ತದೆ. ಆ ಮುಂದಿನ ನಂಬರು ಡೆಲ್ಫ್ಟ್‌ನಲ್ಲಿ ಓದಲು ಬಂದು ಇನ್ನೂ ಎರಡು ತಿಂಗಳಾಗದ ಒಬ್ಬ ಹುಡುಗಿಯದಾಗಿರಬಹುದು. ಹೊಲ ಅಡವಿಟ್ಟು ಸಾಲ ತೆಗೆದ ಅಪ್ಪನ ಮುಖ ಅವಳ ಕಣ್ಣ ಮುಂದಿರುತ್ತದೆ, ವೀಸಾದ ಭಯ ಎದೆಯಲ್ಲಿರುತ್ತದೆ, ಈ ದೇಶದಲ್ಲಿ ಯಾವ ಕಚೇರಿ ಯಾವಾಗ ಫೋನು ಮಾಡುತ್ತದೆ, ಯಾವುದು ಕಾಗದ ಮಾತ್ರ ಕಳಿಸುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 2021, 2022ರಲ್ಲಿ ಯುರೋಪೋಲ್ ಹೆಸರಿನಲ್ಲಿ, ಡಚ್ ಸುಪ್ರೀಂ ಕೋರ್ಟಿನ ಹೆಸರಿನಲ್ಲಿ ಇಂಥ ಕರೆಗಳು ಇಲ್ಲಿ ಮಳೆಗರೆದಾಗ ಅವು ಡಚ್ಚಿನಲ್ಲಿ ಬರಲಿಲ್ಲ, ಇಂಗ್ಲಿಷಿನಲ್ಲಿ ಬಂದವು. ಹುಟ್ಟಾ ಡಚ್ಚರಿಗೆ ಅನುಮಾನ ಮೂಡಲು ಅಷ್ಟೇ ಸಾಕಿತ್ತು. ಎಲ್ಲವನ್ನೂ ಇಂಗ್ಲಿಷಿನಲ್ಲೇ ಕೇಳಿಕೊಂಡು ಬದುಕುವ ನಮ್ಮ ಹುಡುಗಿಗೆ ಅದೇ ಸಹಜವೆನಿಸುತ್ತದೆ. ಹಣ ಕೊಟ್ಟ ಮೇಲೆ ನಾಚಿಕೆಯಿಂದ ಅವಳು ಮನೆಗೂ ಹೇಳುವುದಿಲ್ಲ, ಗೆಳತಿಗೂ ಹೇಳುವುದಿಲ್ಲ. ಕನ್ನಡದವರ ಗುಂಪಿನಲ್ಲಿ ಯುಗಾದಿ ಶುಭಾಶಯದ ಚಿತ್ರ ಹಾಕಿದ ನೀವು ಎರಡು ಸಾಲು ಬರೆದಿದ್ದರೆ ಅವಳು ಓದಿರುತ್ತಿದ್ದಳು. ನಿಮಗೆ ಗೊತ್ತಿತ್ತು. ಹೇಳಿದಿರಾ?

ಮುಂದಿನ ನಂಬರು ನಿಮ್ಮ ಪಕ್ಕದ ಮನೆಯ ಡಚ್ ಅಜ್ಜಿಯದೂ ಆಗಿರಬಹುದು, ನೀವಿಲ್ಲದಾಗ ನಿಮ್ಮ ಪಾರ್ಸೆಲ್ ತೆಗೆದಿಟ್ಟುಕೊಂಡು ಸಂಜೆ ಬಾಗಿಲು ತಟ್ಟಿ ಕೊಡುವ ಅಜ್ಜಿ. ಅವರ ಫೋನಿನ ಪರದೆಯ ಮೇಲೆ ನಿಜವಾದ ಬ್ಯಾಂಕಿನ ನಂಬರೇ ಮೂಡುತ್ತದೆ, ಏಕೆಂದರೆ ನಂಬರನ್ನು ವೇಷದಂತೆ ತೊಡುವುದು ಈ ಕಳ್ಳರಿಗೆ ಕಷ್ಟವಲ್ಲ. ಮೃದು ಮಾತಿನವನೊಬ್ಬ, ನಿಮ್ಮ ಖಾತೆ ಅಪಾಯದಲ್ಲಿದೆ, ಕಾರ್ಡನ್ನು ಕತ್ತರಿಯಿಂದ ಕತ್ತರಿಸಿಡಿ, ನಮ್ಮವರು ಬಂದು ಒಯ್ಯುತ್ತಾರೆ ಎನ್ನುತ್ತಾನೆ. ಕತ್ತರಿಸಬೇಕಾದ ಜಾಗವನ್ನೂ ಹೇಳಿಕೊಡುತ್ತಾನೆ, ಚಿಪ್ ಮಾತ್ರ ಉಳಿಯುವ ಹಾಗೆ. ಕೆಲವೊಮ್ಮೆ ಬಾಗಿಲಿಗೆ ಬರುವವನು ಪೊಲೀಸನೆಂದು ಹೇಳಿಕೊಂಡು ಮೈಮೇಲಿನ ಒಡವೆಯನ್ನೂ ‘ಭದ್ರವಾಗಿಡಲು’ ಕೇಳುತ್ತಾನೆ. ಫೋನು ಇಡಿ, ಕೊಂಡಿ ಒತ್ತಬೇಡಿ, ನೀವೇ ಬ್ಯಾಂಕಿಗೆ ಕರೆ ಮಾಡಿ ಎಂದು ಇಲ್ಲಿನ ಬ್ಯಾಂಕುಗಳು ವರ್ಷಗಳಿಂದ ಸಾರುತ್ತಿವೆ. ಸಾರಿದ್ದು ಟಿವಿಯಲ್ಲಿ. ಆದರೆ ಅಜ್ಜಿ ನಂಬುವುದು ಎದುರಿಗೆ ನಿಂತು ಹೇಳುವ ಮನುಷ್ಯನನ್ನು, ಮುಂದಿನ ಪಾರ್ಸೆಲ್ ತೆಗೆದುಕೊಳ್ಳಲು ಹೋಗುವ ನಿಮ್ಮನ್ನು.

ಇನ್ನು ಊರು. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. ತುಮಕೂರಿನಲ್ಲೋ ಶಿವಮೊಗ್ಗದಲ್ಲೋ ಬೆಳಿಗ್ಗೆ ಎಂಟು ಗಂಟೆ, ತಿಂಡಿ ಒಲೆಯ ಮೇಲೆ. ಇಲ್ಲಿ ಚಳಿಗಾಲದ ಮೂರೂವರೆ, ನೀವು ಗಾಢ ನಿದ್ದೆಯಲ್ಲಿದ್ದೀರಿ, ಫೋನು ಮೌನದಲ್ಲಿದೆ. ಆ ಹೊತ್ತಿಗೆ ನಿಮ್ಮ ತಾಯಿಗೆ ಕರೆ ಬರುತ್ತದೆ: ನಿಮ್ಮ ಮಗ ಹಾಲೆಂಡಿನಲ್ಲಿ ಪೊಲೀಸರ ವಶದಲ್ಲಿದ್ದಾನೆ, ಯಾರಿಗೂ ತಿಳಿಸಬೇಡಿ, ಹಣ ಕಳಿಸಿ. ಅವರು ನಿಮಗೆ ಫೋನು ಹಚ್ಚುತ್ತಾರೆ, ನೀವು ಎತ್ತುವುದಿಲ್ಲ. ಮತ್ತೆ ಹಚ್ಚುತ್ತಾರೆ, ಎತ್ತುವುದಿಲ್ಲ. ನಿಮ್ಮ ನಿದ್ದೆಯೇ ಆ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಆಮೇಲೆ ಆ ತಾಯಿ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಯಾರನ್ನು ದೂರೋಣ?

ದೂರದ ಮಾತೆನಿಸಿದರೆ ಬೀಡಿ ಎಂಬ ಹಳ್ಳಿಯನ್ನು ನೆನೆಯಿರಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ 2025ರ ಮಾರ್ಚ್‌ನಲ್ಲಿ, ಅಧಿಕಾರಿಗಳೆಂದು ಹೇಳಿಕೊಂಡವರ ಕರೆಗಳಿಗೆ ಹೆದರಿ ಹೆದರಿ ಲಕ್ಷಗಟ್ಟಲೆ ಹಣ ಕೊಟ್ಟು, ಕೊನೆಗೆ ಬದುಕೇ ಬೇಡವೆಂದು ಹೋದರು ವೃದ್ಧ ದಂಪತಿ. ಅದಕ್ಕೆ ಐದು ತಿಂಗಳ ಹಿಂದೆ, 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ, ಫೋನಿನಲ್ಲೇ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಹೇಳಿದ್ದರು. ವಿಜಯಪುರದ ಒಬ್ಬರಿಗೆ ಬಂದ ಅಂಥದೇ ಕರೆಯನ್ನು ದೇಶಕ್ಕೆಲ್ಲ ಕೇಳಿಸಿದ್ದರು. ಕನ್ನಡ ನೆಲದ್ದೇ ಕರೆ ಅದು. ಬಚ್ಚಿಡದೆ ಹಂಚಿಕೊಂಡಿದ್ದರಿಂದಲೇ ಅಷ್ಟು ಮಂದಿಯ ಕಿವಿಗೆ ಬಿತ್ತು. ಆದರೂ ವಿಜಯಪುರದ ಎಚ್ಚರ ಬೀಡಿಯ ಆ ಮನೆಯನ್ನು ಕಾಯಲಿಲ್ಲ. ರೇಡಿಯೋ ಹೇಳಿದರೆ ಸಾಲದು. ಮನೆಯವರು ಹೇಳಬೇಕು, ಮತ್ತೆ ಮತ್ತೆ ಹೇಳಬೇಕು.

ನೀವು ಬೈದು ಇಟ್ಟ ಕರೆಯ ಆ ತುದಿಯಲ್ಲಿಯೂ ದನಿ ಕಳೆದುಕೊಂಡವರು ಇರಬಹುದು. ಒಳ್ಳೆಯ ಕೆಲಸದ ಆಸೆಗೆ ಹೋಗಿ ಮ್ಯಾನ್ಮಾರ್–ಥಾಯ್ಲೆಂಡ್ ಗಡಿಯ ವಂಚನೆ ಶಿಬಿರಗಳಲ್ಲಿ ಸಿಕ್ಕಿಬಿದ್ದು, ಬಲವಂತಕ್ಕೆ ಇಂಥ ಮೋಸ ಮಾಡಬೇಕಾಗಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಕರೆತಂದವು. ಸಿವಿ ತಲುಪಿದೆ ಎಂಬ ಕರೆಗೆ ನೀವು ನಗುತ್ತೀರಲ್ಲ, ನಗಲಾರದಷ್ಟು ಕೆಲಸದ ಹಸಿವಿದ್ದವರು ಅವರು.

ಕಾನೂನಿಲ್ಲವೇ ಎನ್ನುತ್ತೀರಿ. ಇದೆ. 2009ರಲ್ಲಿ ನೆದರ್‌ಲ್ಯಾಂಡ್ಸ್ ‘ಕರೆ ಮಾಡಬೇಡಿ’ ಪಟ್ಟಿ ಮಾಡಿತು. 2021ರ ಜುಲೈ 1ರಿಂದ ಆ ಪಟ್ಟಿಯೂ ಬೇಡವೆಂದು, ತಮ್ಮ ಗ್ರಾಹಕರಲ್ಲದವರಿಗೆ ಮೊದಲು ಒಪ್ಪಿಗೆ ಪಡೆಯದೆ ಮಾರಾಟದ ಕರೆ ಮಾಡಬಾರದು ಎಂದಿತು. ಮಾನವಂತ ವ್ಯಾಪಾರಿ ಹೆದರಿ ನಿಂತ. ಕಳ್ಳ ಕಾನೂನು ಓದುವುದಿಲ್ಲ. ಅವನಿಗೆ ನಮ್ಮ ಮೌನವೇ ಬಂಡವಾಳ. ಇನ್ನು ಅಪರಿಚಿತ ಕರೆಗಳನ್ನೆಲ್ಲ ಕಿವುಡಾಗಿಸುವ ಗುಂಡಿ ಒತ್ತಿ ನೆಮ್ಮದಿಯಾಗಿದ್ದೇನೆ ಎನ್ನುವವರಿಗೆ ಒಂದು ಮಾತು: ಇಲ್ಲಿನ ವೈದ್ಯರೂ ಆಸ್ಪತ್ರೆಗಳೂ ಎಷ್ಟೋ ಸಲ ನಂಬರು ಮರೆಮಾಡಿಯೇ ಕರೆಯುತ್ತಾರೆ, ಊರಿನಲ್ಲಿ ಅಪ್ಪ ಬಿದ್ದಾಗ ಪಕ್ಕದ ಮನೆಯವರ ಫೋನಿನಿಂದಲೇ ಸುದ್ದಿ ಬರುವುದು.

ಹಾಗಾಗಿ ಬೇಡಿಕೊಳ್ಳುತ್ತೇನೆ. ಮಾರಾಟದ ಕಾಟವಾದರೆ ಎಸಿಎಂ ಎಂಬ ಗ್ರಾಹಕ ಪ್ರಾಧಿಕಾರಕ್ಕೆ ತಿಳಿಸಿ; ವಂಚನೆಯ ವಾಸನೆ ಬಂದರೆ ಫ್ರಾಡ್‌ಹೆಲ್ಪ್‌ಡೆಸ್ಕಿಗೆ ತಿಳಿಸಿ; ಹಣವೇ ಹೋಗಿದ್ದರೆ ಮೊದಲು ಬ್ಯಾಂಕಿಗೆ, ಆಮೇಲೆ ಪೊಲೀಸರ 0900-8844ಕ್ಕೆ. ಊರಿನಲ್ಲಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ತಡಮಾಡದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಎರಡು ಹಾಡಿನ ನಡುವೆ ಹತ್ತು ನಿಮಿಷ ಇದಕ್ಕೆ ಕೊಡಿ. ಮೋಸಹೋದ ಹುಡುಗಿ ಎದ್ದು ನಿಂತು ಹೇಳಿದರೆ, ಅಷ್ಟು ಓದಿದವಳು ಹೇಗೆ ನಂಬಿದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಮತ್ತೆ ಈ ಭಾನುವಾರ ಊರಿಗೆ ಮಾತಾಡುವಾಗ, ಊಟ ಆಯಿತಾ, ಮಳೆ ಬಂತಾ ಆದ ಮೇಲೆ ಫೋನು ಇಟ್ಟುಬಿಡಬೇಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆಯನ್ನು ಅಮ್ಮನೇ ಆರಿಸಲಿ: ಹಿತ್ತಿಲ ಹಸುವಿನ ಹೆಸರೋ, ಅಜ್ಜ ನಿಮ್ಮನ್ನು ಕೂಗುತ್ತಿದ್ದ ಹೆಸರೋ. ನಿಮ್ಮದೇ ದನಿಯಲ್ಲಿ ಯಾರಾದರೂ ಅತ್ತು ಹಣ ಕೇಳಿದರೂ ಆ ಪ್ರಶ್ನೆ ಕೇಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ ಎನ್ನಿ. ನಡುರಾತ್ರಿಯಾದರೂ ಸರಿ, ಎತ್ತುವ ತನಕ ಫೋನು ಹಚ್ಚುತ್ತಲೇ ಇರಿ ಎನ್ನಿ. ಮಲಗುವ ಮುನ್ನ ಅವರ ನಂಬರೊಂದಕ್ಕಾದರೂ ನಿಮ್ಮ ಫೋನಿನ ದನಿ ತೆರೆದಿಡಿ.