ನಮ್ಮ ಊಟದ ಹೊತ್ತು ಮತ್ತು ಮಧುಮೇಹ

ಹೊಟೇಲುಗಳಲ್ಲಿ ದುಡಿಯುವ ನಮ್ಮ ಬಾಂಧವರಲ್ಲಿಯೂ, ಗಿರಣಿಗಳಲ್ಲಿ ದುಡಿದು ಈಗ ವಿಶ್ರಾಂತರಾಗಿರುವ ಹಿರಿಯರಲ್ಲಿಯೂ ಮಧುಮೇಹವು ಮನೆಮಾತಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಿಂದ 2023ರಲ್ಲಿ ಹೊರಬಿದ್ದ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಈ ರೋಗವಿದೆ. ಆದರೂ ಇದು ಕೂತು ತಿನ್ನುವ ಶ್ರೀಮಂತರ ರೋಗ, ದಿನವಿಡೀ ನಿಂತು ದುಡಿಯುವ ನಮಗೇಕೆ ಬಂದೀತು ಎಂಬ ನಂಬಿಕೆ ನಮ್ಮವರನ್ನು ಬಿಟ್ಟಿಲ್ಲ. ಸಿಹಿಯನ್ನೇ ಮುಟ್ಟುವುದಿಲ್ಲ ಎನ್ನುವವರೂ ಇದ್ದಾರೆ. ಅವರ ತಾಟಿನಲ್ಲಿ ಅನ್ನದ ಗುಡ್ಡವಿರುತ್ತದೆ!

ಅನ್ನವಾಗಲಿ ಪಾವಾಗಲಿ, ಜೀರ್ಣವಾದ ಮೇಲೆ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಸ್ನಾಯುಗಳೊಳಗೆ ಕಳಿಸುವುದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸ. ಎರಡನೆಯ ಬಗೆಯ ಮಧುಮೇಹದಲ್ಲಿ ಇದು ಮೊದಲಿಗೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಹೊಟ್ಟೆಯಲ್ಲಿ ಕೊಬ್ಬು ಬೆಳೆದಂತೆ ಯಕೃತ್ತೂ ಸ್ನಾಯುಗಳೂ ಇನ್ಸುಲಿನ್ನಿನ ಮಾತು ಕೇಳದಾಗುತ್ತವೆ. ಗ್ರಂಥಿಯು ಇನ್ನಷ್ಟು ಸುರಿಸುತ್ತದೆ. ವರುಷಗಟ್ಟಲೆ ಓವರ್‌ಟೈಮ್ ಮಾಡಿದ ಆಳು ಸೋಲುವಂತೆ ಕಡೆಗೆ ಅದೂ ಸೋಲುತ್ತದೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ.

ಈಗ ಹೊಟೇಲು ಕಾರ್ಮಿಕನ ಒಂದು ದಿನವನ್ನು ನೋಡಿರಿ. ನಸುಕಿನಲ್ಲಿ ಎದ್ದೊಡನೆ ಚಹಾ, ಗಿರಾಕಿಗಳ ನೂಕುನುಗ್ಗಲಿನ ನಡುವೆ ಹಸಿವು ಅಡಗಿಸಲು ಮತ್ತೆ ಮತ್ತೆ ಚಹಾ. ಒಂದಕ್ಕೆ ಎರಡು ಚಮಚೆ ಎಂದರೂ ಆರು ಚಹಾಕ್ಕೆ ಸುಮಾರು 50 ಗ್ರಾಂ ಸಕ್ಕರೆಯಾಯಿತು. ಮಧ್ಯಾಹ್ನದ ಊಟ ಮೂರೂವರೆಗೆ, ಅದೂ ಹತ್ತು ನಿಮಿಷದಲ್ಲಿ. ರಾತ್ರಿ ಬಾಗಿಲು ಹಾಕಿ, ಪಾತ್ರೆ ತೊಳೆದು, ಹನ್ನೆರಡರ ಮೇಲೆ ಉಳಿದ ಅನ್ನ, ಸಾರು. ಕೈ ತೊಳೆದವನೇ ಹಾಸಿಗೆಗೆ. ಹಗಲು ಉಂಡ ಅನ್ನಕ್ಕಿಂತ ತಡರಾತ್ರಿ ಉಂಡ ಅಷ್ಟೇ ಅನ್ನವು ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಆ ಹೊತ್ತಿಗೆ ಇನ್ಸುಲಿನ್ನಿನ ಕೆಲಸ ಮಂದ. ರಾತ್ರಿ ಪಾಳಿಯವರಲ್ಲಿ ಈ ರೋಗ ಹೆಚ್ಚೆಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಗಿರಣಿಯ ಮೂರನೆಯ ಪಾಳಿಯಲ್ಲಿ ಆಯುಷ್ಯ ಸವೆಸಿದವರು ಮುನಸಿಪಲ್ ಆಸ್ಪತ್ರೆಗೆ ಹೋಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ಮೊದಲು ಪಲ್ಯ, ಕಾಳು, ಮೀನು ಅಥವಾ ಮೊಟ್ಟೆ ತಿಂದು ಕಡೆಗೆ ಅನ್ನ ಉಂಡರೆ ಸಕ್ಕರೆಯೂ ಇನ್ಸುಲಿನ್ನೂ ಒಮ್ಮೆಲೇ ಜಿಗಿಯುವುದಿಲ್ಲ. ಉಂಡ ಮೇಲೆ ಹದಿನೈದು ನಿಮಿಷ ನಡೆದರೆ, ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಊರಿನ ಜೋಳದ ರೊಟ್ಟಿ, ರಾಗಿ ಮುದ್ದೆ ಒಳ್ಳೆಯವೇ. ಆದರೆ ಒಂದರ ಬದಲು ನಾಲ್ಕು ತಿಂದರೆ ರಾಗಿಯೂ ಸಕ್ಕರೆಯೇ. ಗುಳಿಗೆ ಅಥವಾ ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ಮಾತ್ರ ಡಾಕ್ಟರರನ್ನು ಕೇಳದೆ ಉಪವಾಸ ಹಿಡಿಯಬಾರದು. ಸಕ್ಕರೆ ಒಮ್ಮೆಲೇ ಇಳಿದು, ಬೆವತು, ಭಟ್ಟಿಯ ಮುಂದೆಯೇ ಬೀಳುವ ಅಪಾಯವಿದೆ.

ರೋಗವನ್ನು ಕಡೆಗಣಿಸಿದರೆ ಕಾಲಿನ ಸ್ಪರ್ಶಜ್ಞಾನ ಹೋಗುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವವನಿಗೆ ಬಿಸಿನೀರು ಬಿದ್ದದ್ದೂ ತಿಳಿಯದು, ಗಾಯ ಬೇಗ ಮಾಯದು. ಕಾಲು ಕಳೆದುಕೊಂಡವನಿಗೆ ಯಾವ ಹೊಟೇಲಿನಲ್ಲಿ ಕೆಲಸ ಸಿಕ್ಕೀತು?

ಆದರೆ ಊಟದ ಹೊತ್ತು ಕಾರ್ಮಿಕನ ಕೈಯಲ್ಲಿಲ್ಲ. ಪಥ್ಯ ಮಾಡು ಎಂದು ಅವನೊಬ್ಬನಿಗೇ ಉಪದೇಶಿಸುವುದು ಅನ್ಯಾಯವೆಂದು ನಾವು ಭಾವಿಸುತ್ತೇವೆ. ದುಡಿಮೆಯ ನಡುವೆ ಅರ್ಧ ತಾಸಿನ ವಿರಾಮವು ಕಾಯ್ದೆಯಲ್ಲಿಯೇ ಇದೆ. ಅದು ಎಷ್ಟು ಕಡೆ ನಡೆಯುತ್ತಿದೆಯೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹನ್ನೆರಡರ ಮೊದಲೂ, ರಾತ್ರಿ ಎಂಟರ ಮೊದಲೂ ಸರತಿಯಂತೆ ಆಳುಗಳಿಗೆ ಊಟ ಬಡಿಸುವುದು ಮಾಲಕರಿಗೆ ಅಸಾಧ್ಯವಲ್ಲ. ಗಿರಾಕಿಗಳಿಗೆ ಮಾಡಿದ ಪಲ್ಯ, ಉಸಳಿಯಲ್ಲಿ ಒಂದೊಂದು ಸೌಟು ಆ ತಾಟಿಗೂ ಬೀಳಬೇಕು. ಇಷ್ಟನ್ನು ನಮ್ಮ ಸಂಘವು ಸಂಬಳದ ಬೇಡಿಕೆಯ ಜೊತೆಯಲ್ಲಿಯೇ ಮಾಲಕರ ಮುಂದಿಡಬೇಕು.