ಸೆನ್ಸರ್ ಬದಲಿಸುವ ಮೊದಲು ಪ್ಲಗ್ ಬಿಚ್ಚಿ ನೋಡಿ

ಕರಾವಳಿಯಲ್ಲಿ ಹತ್ತು ವರ್ಷ ದಾಟಿದ ಗಾಡಿ ಇಟ್ಟುಕೊಂಡವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿರುತ್ತದೆ: ‘ಸೆನ್ಸರ್ ಹೋಗಿದೆ, ಚೇಂಜ್ ಮಾಡಬೇಕು.’ ಪಿಕಪ್ ಇಲ್ಲವೆಂದರೂ ಅದೇ ಉತ್ತರ, ಕಪ್ಪು ಹೊಗೆ ಬಂದರೂ ಅದೇ, ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೂ ಅದೇ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಂಡರೆ ಸಾಕು, ಪರ್ಸಿಗೆ ಕೈ ಹಾಕಬೇಕು. ಯಾವ ಸೆನ್ಸರ್, ಯಾಕೆ ಹೋಯಿತು, ನಿಜಕ್ಕೂ ಹೋಗಿದೆಯೇ ಎಂದು ಕೇಳುವವರು ಕಡಿಮೆ. ಬಿಡಿಸಿ ಹೇಳುವವರು ಇನ್ನೂ ಕಡಿಮೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವ ಹಕ್ಕು ಗಾಡಿ ಕೊಂಡವರಿಗೆ ಇರಬೇಕು ಎನ್ನುವುದು ನನ್ನ ವಾದ.

ನಾನು ಅವರ್ಸಾದವಳು, ಕೆಲಸ ಕಾರವಾರದಲ್ಲಿ. ಮನೆಯಲ್ಲಿರುವುದು 2013ರ ಡೀಸೆಲ್ ಎಸ್‌ಯುವಿ. ಕಂಪನಿಯ ಹೆಸರು ಬೇಡ. ಈ ದಾರಿಯಲ್ಲಿ ಓಡುವ ಅದೇ ಪ್ರಾಯದ ಸ್ಕಾರ್ಪಿಯೊ, ಸಫಾರಿ, ಇನೋವಾಗಳೆಲ್ಲದರ ಹಣೆಬರಹ ಒಂದೇ. ಹಾರವಾಡ, ಅಮದಳ್ಳಿ, ಚೆಂಡಿಯಾ, ಬಿಣಗಾ ದಾಟಿ ಹೋಗುವಾಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಮಳೆ ನಿಂತ ಮೇಲೆ ಉಪ್ಪುಗಾಳಿ. ಬಯಲುಸೀಮೆಯ ಗಾಡಿಗೂ ನಮ್ಮ ಗಾಡಿಗೂ ಇರುವ ವ್ಯತ್ಯಾಸ ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ನಾನು ಬಾನೆಟ್ ಎತ್ತಿ ನಿಂತರೆ ಮಾತ್ರ ದಾರಿಯಲ್ಲಿ ಹೋಗುವವರು ‘ಮನೆಯವರನ್ನು ಕರೀರಿ’ ಅನ್ನುತ್ತಾರೆ. ಮನೆಯವರಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ.

ಕಳೆದ ಮಳೆಗಾಲದ ಕೊನೆಗೆ ನಮ್ಮ ಗಾಡಿ ಎಳೆಯುವುದನ್ನೇ ಬಿಟ್ಟಿತು. ಯಲ್ಲಾಪುರಕ್ಕೆ ಹೊರಟರೆ ಅರಬೈಲ್ ಘಾಟಿಯಲ್ಲಿ ಲಾರಿಗಳೇ ನಮ್ಮನ್ನು ಹಿಂದೆ ಹಾಕುತ್ತಿದ್ದವು. ಒಂದು ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ, ಗಾಳಿಯ ಸೆನ್ಸರ್ ಬದಲಿಸಬೇಕೆಂದು ಹತ್ತು ಸಾವಿರ ರೂಪಾಯಿಯ ಹತ್ತಿರದ ಅಂದಾಜು ಕೊಟ್ಟರು. ಸ್ಕ್ಯಾನರಿನಲ್ಲಿ ಬಂದ ಕೋಡ್ ಏನು ಎಂದು ಕೇಳಿದೆ. ‘ಅದು ಕಸ್ಟಮರಿಗೆ ಕೊಡುವುದಿಲ್ಲ’ ಎಂಬ ಉತ್ತರ ಬಂತು.

ಆ ಕೋಡ್ ಗುಟ್ಟಿನ ವಿಷಯವೇನಲ್ಲ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-4 ಮಾನದಂಡದ ಹೊಸ ಕಾರುಗಳಿಗೆ, ಎಂಜಿನ್ನಿನ ದೋಷವನ್ನು ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯ. ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ರೀಡರ್ ಅದಕ್ಕೆ ಸಿಕ್ಕಿಸಿದರೆ ಕೋಡ್ ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. ನಮ್ಮ ಗಾಡಿ ತೋರಿಸಿದ್ದು ಪಿ0101: ಒಳಗೆ ಬರುವ ಗಾಳಿಯ ಅಳತೆ ಎಂಜಿನ್ ಕಂಪ್ಯೂಟರಿನ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ ಎಂದು ಅದರರ್ಥ. ಸೆನ್ಸರ್ ಸತ್ತಿದೆ ಎಂದು ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಸೆನ್ಸರ್ ಮೇಲೆ ಕೊಳೆ ಕೂತಿದ್ದರೂ ಅದೇ ಕೋಡ್ ಬರುತ್ತದೆ, ಟರ್ಬೊ ಪೈಪ್ ಸೀಳಿದ್ದರೂ, ಇಲಿ ವೈರ್ ಕಡಿದಿದ್ದರೂ, ಪ್ಲಗ್ಗಿನ ಪಿನ್ ಹಾಳಾಗಿದ್ದರೂ ಅದೇ. ಕೋಡ್ ನೋಡಿದೊಡನೆ ಹೊಸ ಭಾಗ ಬರೆಯುವುದು ರಿಪೇರಿಯಲ್ಲ, ಬರೀ ವ್ಯಾಪಾರ.

ಅಂಕೋಲೆಯ ಹಳೆಯ ಫಿಟ್ಟರ್ ಒಬ್ಬರು ನನಗೆ ಕಲಿಸಿದ ಮೊದಲ ಪಾಠವೇ ಈ ಬರಹದ ತಲೆಬರಹ. ಏರ್‌ಫಿಲ್ಟರ್ ಡಬ್ಬಿಯ ಹತ್ತಿರ ಇರುವ ಸೆನ್ಸರಿನ ಪ್ಲಗ್ಗನ್ನು ಲಾಕ್ ಒತ್ತಿ ಎಳೆದೆ. ಒಳಗಿನ ಎರಡು ಪಿನ್ನಿಗೆ, ತೊಳೆಯದೆ ಇಟ್ಟ ತಾಮ್ರದ ಹಂಡೆಗೆ ಬರುವಂಥ ಹಸಿರು ಕಿಲುಬು ಹತ್ತಿತ್ತು. ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಓಡಾಡುವ ಸಿಗ್ನಲ್ ಐದೇ ವೋಲ್ಟಿನೊಳಗಿನದು. ಆ ದಾರಿಯಲ್ಲಿ ಕಿಲುಬು ಕೂತರೆ ಅಳತೆ ತಪ್ಪದೆ ಇರುತ್ತದೆಯೇ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತನೆ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಪ್ಲಗ್ಗಿನ ರಬ್ಬರ್ ಸೀಲಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿದೆ. ಹಂಡೆಗೆ ಹಚ್ಚುವ ಹುಣಸೆಹಣ್ಣು ಇಲ್ಲಿ ನಡೆಯುವುದಿಲ್ಲ.

ಆಮೇಲೆ ಸೆನ್ಸರಿನ ಸರದಿ. ಇದರ ಕೆಲಸ ಜಾಣತನದ್ದು. ಒಳಗಿನ ಕೂದಲೆಳೆಯಂಥ ತಂತಿ ಅಥವಾ ತೆಳು ಪದರವನ್ನು ವಿದ್ಯುತ್ ಕಾಯಿಸುತ್ತದೆ, ನುಗ್ಗುವ ಗಾಳಿ ಅದನ್ನು ತಣಿಸುತ್ತದೆ. ಕಾವು ಉಳಿಸಲು ಎಷ್ಟು ಕರೆಂಟು ಬೇಕಾಯಿತು ಎಂಬುದರ ಮೇಲೆ ಗಾಳಿಯ ಪ್ರಮಾಣ ಗೊತ್ತಾಗುತ್ತದೆ. ಅದರ ಮೇಲೆ ಧೂಳು, ಎಣ್ಣೆಯ ಪಸೆ ಕೂತರೆ ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸುತ್ತದೆ. ಹೊಗೆ ಬಾರದಿರಲೆಂದು ಕಂಪ್ಯೂಟರ್ ಡೀಸೆಲ್ ಕಡಿತ ಮಾಡುತ್ತದೆ, ಘಾಟಿಯಲ್ಲಿ ಗಾಡಿ ಮಲಗುತ್ತದೆ.

ತೊಳೆಯುವ ಕ್ರಮ ಇಷ್ಟೆ. ಎಂಜಿನ್ ಆರಿ ತಣ್ಣಗಾಗಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಬೇಕು. ಸೆನ್ಸರಿನ ಸ್ಕ್ರೂಗಳು ಬಹಳ ಗಾಡಿಗಳಲ್ಲಿ ನಕ್ಷತ್ರದ ತಲೆಯವು. ಅದಕ್ಕೆ ಸರಿಯಾದ ಬಿಟ್ ಬೇಕು, ಇಕ್ಕಳ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ. ಗಾಳಿಯ ಸೆನ್ಸರಿಗೆಂದೇ ಸಿಗುವ ಕ್ಲೀನರನ್ನು ತುಸು ದೂರದಿಂದ ಹತ್ತು ಹನ್ನೆರಡು ಸಲ ಚಿಮುಕಿಸಿ, ಕೆಳಗೆ ಬಿಳಿ ಬಟ್ಟೆ ಹಿಡಿದರೆ ಕಪ್ಪು ಹನಿ ಇಳಿಯುವುದು ಕಾಣುತ್ತದೆ. ಕಾರ್ಬುರೇಟರ್ ಕ್ಲೀನರ್ ಬೇಡ, ಅದು ಪ್ಲಾಸ್ಟಿಕ್ಕನ್ನೂ ಸೂಕ್ಷ್ಮ ಪದರವನ್ನೂ ಕೆಡಿಸಬಹುದು. ಹತ್ತಿ, ಬ್ರಷ್, ಬೆರಳು ಯಾವುದೂ ತಂತಿಗೆ ತಾಗಬಾರದು. ಪೂರ್ತಿ ಆರುವವರೆಗೆ ಕಾದು, ತೆಗೆದ ದಿಕ್ಕಿನಲ್ಲೇ ಕೂರಿಸಿ, ರಬ್ಬರ್ ರಿಂಗ್ ಮಡಚಿಕೊಂಡಿಲ್ಲವೆಂದು ನೋಡಿಕೊಳ್ಳಬೇಕು. ತೊಳೆಯುವ ಮೊದಲು ಮತ್ತು ನಂತರ ಐಡಲ್‌ನಲ್ಲಿ ಎಷ್ಟು, 2,000 ಆರ್‌ಪಿಎಂನಲ್ಲಿ ಎಷ್ಟು ಗಾಳಿ ತೋರಿಸುತ್ತದೆಂದು ಬರೆದಿಟ್ಟುಕೊಂಡರೆ, ಕೆಲಸವಾಯಿತೇ ಇಲ್ಲವೇ ಎಂಬುದಕ್ಕೆ ಯಾರ ಸರ್ಟಿಫಿಕೇಟೂ ಬೇಡ. ನಮ್ಮ ಗಾಡಿ ಹಳೆಯ ಸೆನ್ಸರಿನಲ್ಲೇ ಈಗ ಅರಬೈಲ್ ಹತ್ತುತ್ತಿದೆ.

ಎಲ್ಲವೂ ತೊಳೆದರೆ ಸರಿಹೋಗುವುದಿಲ್ಲ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಅಂಥದ್ದು. ತಣ್ಣಗಿರುವಾಗ ಸರಿ ಇದ್ದು, ಕಾದ ಮೇಲೆ ದಿಢೀರನೆ ಎಂಜಿನ್ ನಿಂತು, ಅರ್ಧ ತಾಸು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದು ಅದರ ಹಳೇ ಚಾಳಿ. ಪಿ0335 ಕೋಡ್ ಬಂದು, ವೈರು, ಪ್ಲಗ್ಗು ಎರಡೂ ಸರಿ ಇದ್ದರೆ ಹೊಸದು ಹಾಕುವುದೇ ಲೇಸು; ಅಗ್ಗದ ನಕಲಿ ಮಾಲಿನ ಆಸೆ ಬೇಡ. ಕೂಲಂಟ್ ಸೆನ್ಸರನ್ನು ಮಾತ್ರ ಮಲ್ಟಿಮೀಟರಿನಲ್ಲೇ ಪರೀಕ್ಷಿಸಬಹುದು. ತಣ್ಣಗಿದ್ದಾಗ ಎರಡು ಮೂರು ಸಾವಿರ ಓಮ್ ತೋರಿಸುವ ಅದು ಬಿಸಿ ನೀರಿನಲ್ಲಿ ಅದ್ದಿದರೆ ಕೆಲವು ನೂರಕ್ಕೆ ಇಳಿಯಬೇಕು, ಇಳಿಯದಿದ್ದರೆ ಬದಲಿಸಿ.

ಮನೆಯಲ್ಲಿ ಕೈ ಹಾಕಬಾರದ ಜಾಗವೂ ಇದೆ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಇಂಧನ ಕೊಳವೆಯಲ್ಲಿ ಒತ್ತಡ 1,600 ಬಾರ್‌ವರೆಗೂ ಏರುತ್ತದೆ, ಅಂದರೆ ಟೈರಿನ ಗಾಳಿಯ ಏಳುನೂರು ಪಟ್ಟು. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ರೈಲ್ ಪ್ರೆಶರ್ ಸೆನ್ಸರ್, ಏರ್‌ಬ್ಯಾಗ್, ಎಬಿಎಸ್ ಕೆಲಸ ಬಲ್ಲವರಿಗೇ ಬಿಡಬೇಕು. ಆದರೆ ಈ ಅಪಾಯವನ್ನೇ ಮುಂದೆ ಮಾಡಿ, ಒಂದು ಪ್ಲಗ್ ಒರೆಸುವ ಮಾಹಿತಿಯನ್ನೂ ಬಚ್ಚಿಡುವುದು ನ್ಯಾಯವಲ್ಲ.

ಈ ಬಚ್ಚಿಡುವಿಕೆಯ ಬಗ್ಗೆ ದೇಶದಲ್ಲಿ ತೀರ್ಪೂ ಬಂದಿದೆ. ಬಿಡಿಭಾಗ ಮತ್ತು ಪರೀಕ್ಷಾ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕಿತು. ಆ ಬಿಡಿಭಾಗ, ಸಾಧನಗಳನ್ನು ಮುಕ್ತ ಮಾರುಕಟ್ಟೆಗೆ ಬಿಡಬೇಕು, ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ಆದರೆ ಪೋರ್ಟಲ್ಲಿಗೆ ಕಾನೂನಿನ ಬಲವಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ವೋಟು ಹಾಕಿ ವಾಹನ ರಿಪೇರಿ ಹಕ್ಕನ್ನು ಕಾನೂನಾಗಿಸಿಕೊಂಡರು.

ನಮ್ಮ ಜಿಲ್ಲೆಗೆ ಇದು ಪುಸ್ತಕದ ಚರ್ಚೆಯಲ್ಲ. ದೊಡ್ಡ ಕೆಲಸಕ್ಕೆ ಹುಬ್ಬಳ್ಳಿಗೋ ಗೋವಾಕ್ಕೋ ಗಾಡಿ ಸಾಗಿಸುವವರು ನಾವು. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದ ಮೇಲೆ, ಮಳೆಯಲ್ಲಿ ಗುಡ್ಡದ ಬುಡದಲ್ಲಿ ಗಾಡಿ ಕೈಕೊಡುವುದೆಂದರೆ ಏನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹೊಸ ಗಾಡಿ ಕೊಳ್ಳಿ ಎನ್ನುವುದು ಸುಲಭ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಿದ ಸರ್ಕಾರ, ಆ ಹಳೆಯ ಗಾಡಿ ಸುಸ್ಥಿತಿಯಲ್ಲಿರಲು ಬೇಕಾದ ಮಾಹಿತಿಯನ್ನೂ ಕೊಡಿಸಬೇಕಲ್ಲವೇ?

ಹಾಗಾಗಿ ಕೇಳುವುದಿಷ್ಟು. ಸರ್ವಿಸ್ ಸೆಂಟರುಗಳು ಸ್ಕ್ಯಾನರಿನಲ್ಲಿ ಬಂದ ಕೋಡನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಕಡ್ಡಾಯವಾಗಲಿ. ವೈರಿಂಗ್ ನಕ್ಷೆ ಮತ್ತು ಸೆನ್ಸರ್ ಅಳತೆಗಳನ್ನು ಕಂಪನಿಗಳು, ಸಾಧ್ಯವಾದರೆ ಕನ್ನಡದಲ್ಲೂ, ಬಹಿರಂಗಪಡಿಸಲಿ. ನಮ್ಮ ಐಟಿಐಗಳು ಊರಿನ ಫಿಟ್ಟರುಗಳಿಗೆ ಸ್ಕ್ಯಾನರ್ ಓದುವ ಚಿಕ್ಕ ಕೋರ್ಸ್ ನಡೆಸಲಿ. ಓದುಗರಿಗೆ ಹೇಳುವುದೂ ಒಂದಿದೆ: ಮುಂದಿನ ಸಲ ಹಳದಿ ದೀಪ ಹೊತ್ತಿದಾಗ ಕೋಡ್ ಏನೆಂದು ಕೇಳಿ, ಹೇಳದಿದ್ದರೆ ಆ ಬಿಲ್ಲಿಗೆ ಒಪ್ಪಬೇಡಿ.