ಕಿತ್ತೆಸೆದದ್ದೂ ಆಯ್ಕೆಯೇ
ಮೊನ್ನೆ ಊರಲ್ಲಿ ಅತ್ತೆಯ ಜೊತೆ ಗದ್ದೆಗಿಳಿದು ಕಳೆ ಕೀಳುತ್ತಿದ್ದೆ. “ಅಯ್ಯೋ ಮಾರಾಯ, ಕಿತ್ತದ್ದು ಭತ್ತ, ಬಿಟ್ಟದ್ದು ಕಳೆ!” ಎಂದು ನಕ್ಕರು. ಎಲೆಯ ಬುಡ ಬಿಡಿಸಿ ತೋರಿಸಿದರು: ಭತ್ತಕ್ಕೆ ಅಲ್ಲೊಂದು ತೆಳು ಪೊರೆಯಿದೆ, ಊದಲಿನ ಬಳಗದ ಈ ಹುಲ್ಲಿಗಿಲ್ಲ. ಉಳಿದಂತೆ ಅದೇ ನೆಟ್ಟನೆಯ ನಿಲುವು, ಅದೇ ಹಸಿರು. ಈ ವೇಷ ಕಟ್ಟಿಸಿದವರು ನಾವೇ. ಕಾಡುಭತ್ತ ಬಲಿತೊಡನೆ ಕಾಳುದುರಿಸುತ್ತದೆ. ಉದುರದೆ ತೆನೆಯಲ್ಲೇ ನಿಂತ ಕಾಳನ್ನು ತಲೆಮಾರುಗಟ್ಟಲೆ ಬೀಜಕ್ಕಿಟ್ಟು ಊರಭತ್ತ ಮಾಡಿಕೊಂಡೆವು. ಅದೇ ಕೈ ಕಣ್ಣಿಗೆ ಬಿದ್ದ ಕಳೆಯನ್ನೆಲ್ಲ ಕಿತ್ತಿತು. ಭತ್ತವನ್ನು ಹೋಲಿದ್ದು ಬಚಾವಾಗಿ ಬೀಜ ಚೆಲ್ಲಿತು. ಒಂದು ಬೇಕೆಂದು ಮಾಡಿದ ಆಯ್ಕೆ, ಇನ್ನೊಂದು ಬೇಡವೆನ್ನುತ್ತಲೇ ಮಾಡಿದ್ದು. ರಷ್ಯಾದ ವಿಜ್ಞಾನಿ ವವಿಲೋವ್ ಪ್ರಕಾರ ರೈ ಧಾನ್ಯವೂ ಹೀಗೆ ಗೋಧಿ ಹೊಲದ ಕಳೆಯಾಗಿದ್ದು ಬೆಳೆಯಾದದ್ದು. 1859ರಲ್ಲಿ ಡಾರ್ವಿನ್ ತನ್ನ ವಾದವನ್ನು ಸಾಕುಪ್ರಾಣಿ, ಬೆಳೆಗಳಿಂದಲೇ ಶುರುಮಾಡಿದ್ದು ಸುಮ್ಮನಲ್ಲ: ಪ್ರಕೃತಿಯ ಆಯ್ಕೆ, ಮನುಷ್ಯನ ಆಯ್ಕೆ ಎಂಬ ಬೇಲಿ ಪುಸ್ತಕದಲ್ಲಿದೆ, ಗದ್ದೆಯಲ್ಲಿಲ್ಲ. ಈಗ ಕೈಯ ಬದಲು ಕಳೆನಾಶಕ ಬಂದಿದೆ. ಔಷಧಿಗೆ ಕಣ್ಣಿಲ್ಲ, ಹಾಗಾಗಿ ಕಳೆಗೂ ವೇಷ ಬೇಕಿಲ್ಲ. ವಿಷ ಅರಗಿಸಿಕೊಂಡರೆ ಸಾಕು. ಹಲವು ದೇಶಗಳ ಗದ್ದೆಗಳಲ್ಲಿ ಅದು ಅರಗಿಸಿಕೊಂಡೂ ಆಗಿದೆ.